ಚಿನ್ನದ ಚಪ್ಪರದಲ್ಲಿ ವಿಷದ ಕಾಯಿ

ವೇಲ್ಸ್‌ನ ಉತ್ತರ ಭಾಗದಲ್ಲಿ, ಕಾನ್ವಿ ನದಿಯ ಕಣಿವೆಗೆ ಮುಖಮಾಡಿ ಬಾಡ್ನಂಟ್ ಎಂಬ ಉದ್ಯಾನವಿದೆ. ಮೇ ತಿಂಗಳ ಕೊನೆಯಲ್ಲಿ ಇಲ್ಲಿಗೆ ಬರುವವರೆಲ್ಲ ಹುಡುಕಿಕೊಂಡು ಹೋಗುವುದು ಲ್ಯಾಬರ್ನಮ್ ಚಪ್ಪರವನ್ನು. 1880ರಲ್ಲಿ ಹೆನ್ರಿ ಪೋಚಿನ್ ರೂಪಿಸಿದ ಇದರ ಉದ್ದ ಸುಮಾರು 55 ಮೀಟರ್. ಮರಗಳನ್ನು ಕಮಾನಿನಂತೆ ಬಾಗಿಸಿ ಕಟ್ಟಿರುವುದರಿಂದ ಹಳದಿ ಹೂಗೊಂಚಲುಗಳು ತಲೆಯ ಮೇಲೆ ತೋರಣದಂತೆ ಇಳಿಬಿದ್ದಿರುತ್ತವೆ.

ಕನ್ನಡಿಗರಿಗೆ ಇದನ್ನು ಕಂಡೊಡನೆ ನೆನಪಾಗುವುದು ನಮ್ಮ ಕಕ್ಕೆ ಮರ. ಇಂಗ್ಲಿಷಿನಲ್ಲಿ ಕಕ್ಕೆಗೆ 'ಇಂಡಿಯನ್ ಲ್ಯಾಬರ್ನಮ್' ಎಂಬ ಹೆಸರೂ ಇದೆ. ಎರಡೂ ಅವರೆ, ಬಟಾಣಿಗಳ ಕುಟುಂಬಕ್ಕೆ ಸೇರಿದವು. ಹೋಲಿಕೆ ಅಲ್ಲಿಗೆ ಮುಗಿಯಿತು. ಕಕ್ಕೆಯ ಕಾಯಿ ಮೊಳದುದ್ದದ ಕಪ್ಪು ಕೋಲು. ಅದರ ತಿರುಳು ಆಯುರ್ವೇದದಲ್ಲಿ ವಿರೇಚಕ. ಲ್ಯಾಬರ್ನಮ್ಮಿನ ಕಾಯಿಯಾದರೋ ಬೆರಳುದ್ದದ ಚಪ್ಪಟೆ ಕಾಯಿ, ಥೇಟ್ ಬಟಾಣಿ! ಅಪಾಯ ಇರುವುದೇ ಇಲ್ಲಿ.

ಈ ಮರದ ಎಲ್ಲ ಭಾಗಗಳಲ್ಲೂ ಸೈಟಿಸಿನ್ ಎಂಬ ವಿಷವಿದೆ. ಬೀಜದಲ್ಲಿ ಅದು ಹೆಚ್ಚು. ತಂಬಾಕಿನ ನಿಕೋಟಿನ್‌ನಂತೆಯೇ ಇದು ನರಗಳ ಮೇಲೆ ಕೆಲಸ ಮಾಡುತ್ತದೆ. ಬಟಾಣಿಯೆಂದು ಬಗೆದು ಮಕ್ಕಳು ಬೀಜ ಅಗಿದರೆ ಬಾಯುರಿ, ವಾಂತಿ, ಮಂಪರು ಕಾಣಿಸಿಕೊಳ್ಳುತ್ತವೆ. ವಿಷ ಹೆಚ್ಚಾದರೆ ಸೆಳವು ಬಂದು ಉಸಿರಾಟಕ್ಕೂ ತೊಂದರೆಯಾಗುತ್ತದೆ. ಬೇಗನೆ ವಾಂತಿಯಾಗುವುದರಿಂದ ಸಾವು ಅಪರೂಪ. ಕಡ್ಡಿ ಕಚ್ಚಿ ಆಡುವ ನಾಯಿಗಳಿಗೂ, ಎಲೆ ಮೇಯುವ ಕುದುರೆಗಳಿಗೂ ಇದು ಅಪಾಯಕಾರಿ. ಅಚ್ಚರಿಯೆಂದರೆ, ಇದೇ ಸೈಟಿಸಿನ್ ಅನ್ನು ಅಳತೆಯಲ್ಲಿ ಕೊಟ್ಟು ಧೂಮಪಾನ ಬಿಡಿಸುವ ಮಾತ್ರೆಯೂ ಇದೆ. ಬಲ್ಗೇರಿಯದಲ್ಲಿ ಅದು 1960ರ ದಶಕದಿಂದಲೇ ಬಳಕೆಯಲ್ಲಿದೆ.

ವೇಲ್ಸ್‌ನ ಮರದ ಗೊಡವೆ ನಮಗೇಕೆ ಎನ್ನುವಂತಿಲ್ಲ. ನಮ್ಮ ಅಂಗಳದ ಕಣಗಿಲೆ, ಬೇಲಿಯ ಹಳದಿ ಕಣಗಿಲೆ ಇದಕ್ಕಿಂತ ಘೋರ. ಅವುಗಳ ವಿಷ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕೇರಳದಲ್ಲಿ 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ, ನೈವೇದ್ಯ ಹಾಗೂ ಪ್ರಸಾದದಲ್ಲಿ ಕಣಗಿಲೆ ಹೂ ಬಳಸಬಾರದೆಂದು ಸೂಚಿಸಿತು.

ಮಗು ಇಂಥದ್ದೇನಾದರೂ ಅಗಿದಿದ್ದರೆ ಬಾಯಲ್ಲಿ ಉಳಿದದ್ದನ್ನು ತೆಗೆದು, ನೀರಿನಿಂದ ಮುಕ್ಕಳಿಸಿಸಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂದ ಗಿಡದ ಎಲೆ, ಕಾಯಿಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಸುಲಭ. ನಾಯಿಗಾದರೆ ಪಶುವೈದ್ಯರಲ್ಲಿಗೆ ಓಡಬೇಕು.

ಚೆಲುವಾದ ಮರವನ್ನೆಲ್ಲ ಕಡಿಯಬೇಕಾಗಿಲ್ಲ. ಬಾಡ್ನಂಟ್‌ನ ಚಪ್ಪರ ಇಂದಿಗೂ ಹೂ ಬಿಡುತ್ತಿದೆ, ಮಕ್ಕಳು ಅದರಡಿ ನಡೆಯುತ್ತಿದ್ದಾರೆ. ಮನೆಯ ಸುತ್ತಲಿನ ಗಿಡಗಳಲ್ಲಿ ನೋಡಲಷ್ಟೇ ಇರುವುದು ಯಾವುದು, ಬಾಯಿಗಿಡಬಹುದಾದದ್ದು ಯಾವುದು ಎಂಬುದನ್ನು ಮಕ್ಕಳಿಗೆ ಹೆಸರು ಹಿಡಿದು ತೋರಿಸಿಕೊಟ್ಟರೆ ಸಾಕು.