ಆಫೀಸ್ ರೂಮ್ ಅಂತ ಕಟ್ಟಿದ ಕೋಣೆ

ಚಳ್ಳಕೆರೆಯ ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ತಾರಸಿಗಳ ಮೇಲೆ ಕಬ್ಬಿಣದ ಕಂಬಿಗಳು ಕಾಣುತ್ತವೆ. ಮುಂದೆ ಕೈಯಲ್ಲಿ ಕಾಸು ಆಡಿದಾಗ ಮೇಲೊಂದು ಕೋಣೆ ಎಬ್ಬಿಸೋಣ ಅಂತ ಪಿಲ್ಲರ್ ತುದಿಯಲ್ಲಿ ಎರಡಡಿ ಬಿಟ್ಟಿರೋದು. ಎಷ್ಟೋ ಮನೆಗಳಲ್ಲಿ ಆ ಕಾಸು ಬರೋದೇ ಇಲ್ಲ. ಕಂಬಿಗೆ ತುಕ್ಕು ಬರುತ್ತೆ, ಯಾರೋ ಅದಕ್ಕೊಂದು ಹಗ್ಗ ಬಿಗೀತಾರೆ, ಬಟ್ಟೆ ಒಣಗುತ್ತೆ. ನಮ್ಮ ಮಾವನವರು 2004ರಲ್ಲಿ ಹಳೇ ಮಾಳಿಗೆ ಮನೆಯ ಮುಂಭಾಗ ಕೆಡವಿ ಆರ್‌ಸಿಸಿ ಹಾಕಿಸಿದಾಗ ಬಿಟ್ಟ ಕಂಬಿಗಳಿಗೂ ಇಪ್ಪತ್ತು ವರ್ಷ ಅದೇ ಕೆಲಸ. ದಾವಣಗೆರೆಯಿಂದ ಸೊಸೆಯಾಗಿ ಬಂದ ನಾನೂ ಆ ಹಗ್ಗದ ಮೇಲೇ ಮಗಳ ಬಟ್ಟೆ ಒಣಗಿಸಿದವಳು.

ನಮ್ಮ ಮದುವೆ ಆಗಿದ್ದು 2018ರಲ್ಲಿ. ಮೊದಲ ಎರಡು ವರ್ಷ ಬೆಂಗಳೂರಿನ ನಾಗರಬಾವಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. 2020ರ ಮಾರ್ಚ್‌ನಲ್ಲಿ ಎರಡೇ ವಾರಕ್ಕೆ ಅಂತ ಎರಡು ಬ್ಯಾಗ್ ಹಿಡ್ಕೊಂಡು ಚಳ್ಳಕೆರೆಗೆ ಬಂದವರು ಇಲ್ಲೇ ಉಳಿದೆವು. ನನ್ನ ಕಂಪನಿ ಮನೆಯಿಂದಲೇ ಕೆಲಸ ಮಾಡು ಅಂತು. ಇವರಿಗೆ ಊರಿನ ಒಂದು ಎಣ್ಣೆ ಮಿಲ್‌ನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಮಗಳು ಹುಟ್ಟಿದ ಮೇಲಂತೂ ಅತ್ತೆ ಇಲ್ಲದೆ ನನ್ನ ಒಂದು ದಿನವೂ ಸಾಗಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮುಂದೆ ಬರೆಯೋದನ್ನ ಓದಿ ಯಾರೂ ನಮ್ಮ ಅತ್ತೆಯನ್ನ ಧಾರಾವಾಹಿ ಅತ್ತೆ ಅಂದ್ಕೋಬಾರದು.

ಮನೆ ಹೀಗಿದೆ. ಮುಂದೆ ಹಾಲ್, ಅದರ ಹಿಂದೆ ನಡುಮನೆ, ಅಡುಗೆಮನೆ. ಅದಕ್ಕೂ ಹಿಂದೆ ಉಳಿದಿರೋ ಹಳೇ ಮಾಳಿಗೆ ಭಾಗ: ಮರದ ಜಂತೆ, ಮೇಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ಮತ್ತಷ್ಟು ಕರಲು ಮಣ್ಣು. ಬೇಸಿಗೆಯಲ್ಲಿ ಊರೆಲ್ಲ ಕಾದ ಬಾಣಲೆ ಆದಾಗ ತಣ್ಣಗಿರೋದು ಅದೊಂದೇ ಜಾಗ, ಆದರೆ ಅಲ್ಲಿ ಮಲಗೋದು ಶೇಂಗಾ ಚೀಲಗಳು. ಹಾಲ್‌ನಲ್ಲಿ ಮಾವ ಮತ್ತು ಟಿವಿ. ನಡುಮನೆಯಲ್ಲಿ ಅತ್ತೆ, ಮಗಳು, ನಾವಿಬ್ಬರು. ನಡುಮನೆಗೆ ಬಾಗಿಲಿಲ್ಲ, ಹೂವಿನ ಚಿತ್ರದ ಒಂದು ಪರದೆ ಇದೆ. ಇಡೀ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಎರಡು, ತಲೆಬಾಗಿಲು ಮತ್ತು ಬಚ್ಚಲುಮನೆ.

ಇಷ್ಟು ಹೇಳಿದರೆ ಸಾಕು ಅಂದ್ಕೊಂಡಿದ್ದೀನಿ.

ಕೂಡಿ ಬಾಳೋ ಮನೆಯಲ್ಲಿ ಏನು ಬೇಕಾದರೂ ಕೇಳಬಹುದು. ಗೀಸರ್ ಕೇಳಬಹುದು, ವೆಸ್ಟರ್ನ್ ಕಮೋಡ್ ಕೇಳಬಹುದು. ನಾನು ಎರಡನ್ನೂ ಕೇಳಿ ಹಾಕಿಸಿಕೊಂಡಿದ್ದೀನಿ. ಆದರೆ ಮೂವತ್ತು ದಾಟಿದ ಗಂಡ ಹೆಂಡತಿ, ಇಬ್ಬರೂ ದುಡಿಯೋರು, ‘ನಮಗೊಂದು ಬಾಗಿಲಿರೋ ಕೋಣೆ ಬೇಕು’ ಅಂತ ಹಿರಿಯರ ಮುಂದೆ ಬಾಯಿ ಬಿಟ್ಟು ಹೇಳೋದು ಹೆಂಗೆ? ಅದಕ್ಕೆ ನಾವು ‘ಆಫೀಸ್ ರೂಮ್’ ಅಂದೆವು. ಸುಳ್ಳೇನಲ್ಲ. ನನ್ನ ಮೀಟಿಂಗ್ ನಡೀತಿದ್ದಾಗ ಮಿಕ್ಸಿ ತಿರುಗೋದು, ಮಗಳು ಬಂದು ಕ್ಯಾಮೆರಾಗೆ ಮೂಗು ತೋರಿಸೋದು, ಎಲ್ಲಾ ದಿನನಿತ್ಯದ ಮಾತು. ಮಾವ ತಕ್ಷಣ ಒಪ್ಪಿದರು. ‘ಕೆಲಸದ ವಿಷ್ಯ, ಮಾಡ್ಸಿ’ ಅಂದರು. ಕೆಲಸ ಅಂದರೆ ಈ ಮನೆಯಲ್ಲಿ ಯಾರೂ ಎದುರಾಡಲ್ಲ.

ಹನ್ನೆರಡು ಅಡಿಗೆ ಹನ್ನೊಂದು ಅಡಿ, ಹಳೇ ಕಂಬಿಗಳ ಮೇಲೇ. (ನೀವೂ ಹಂಗೆ ಬಿಟ್ಟ ಕಂಬಿ ನಂಬಿಕೊಂಡಿದ್ದರೆ ಮೊದಲು ಒಬ್ಬ ಎಂಜಿನಿಯರ್‌ಗೆ ತೋರಿಸಿ. ನಮ್ಮವರು ಬಂದು ತುಕ್ಕು ಉಜ್ಜಿಸಿ, ಸವೆದಿದ್ದ ಕಡೆ ಹೊಸ ಕಂಬಿ ಸೇರಿಸಿ, ಕೆಳಗಿನ ಪಿಲ್ಲರ್‌ಗಳಿಗೆ ಭಾರ ಆಗದಂಗೆ ಗೋಡೆಗೆ ಹಾಲೋ ಬ್ಲಾಕ್ ಹೇಳಿದರು.) ಲೆಕ್ಕ ಹಾಕಿದ್ದು ಎರಡು ಲಕ್ಷ ನಲವತ್ತು ಸಾವಿರ. ಲೆಕ್ಕ ಹಾಕಿದಷ್ಟಕ್ಕೆ ಯಾರ ಮನೆ ಮುಗಿದಿದೆ ಹೇಳಿ. ಮೇಸ್ತ್ರಿ ಒಂದು ವಾರ ಬಂದರೆ ಒಂದು ವಾರ ಫೋನ್ ಎತ್ತುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಮಳೆ ಅನ್ನೋದೇ ಅಪರೂಪದ ನೆಂಟ. ಕ್ಯೂರಿಂಗ್‌ಗೆ ದಿನಕ್ಕೆ ಎರಡು ಹೊತ್ತು ಸುರಿಯೋ ನೀರು ನೋಡಿದಾಗೆಲ್ಲ ಅತ್ತೆ ‘ಅಯ್ಯೋ’ ಅನ್ನೋರು. ಕೊನೆಗೆ ಟ್ಯಾಂಕರ್ ತರಿಸಿದೆವು.

ಗೋಡೆ ಎದ್ದಂಗೆ ಎದ್ದಂಗೆ ಕೋಣೆಗೆ ವಾರಸುದಾರರೂ ಹುಟ್ಟಿಕೊಂಡರು. ರಾತ್ರಿ ಹೊತ್ತು ಆಫೀಸ್ ಖಾಲಿ ಇರುತ್ತಲ್ಲ, ಮೈದುನ ಹಾಸ್ಟೆಲ್‌ನಿಂದ ಬಂದಾಗ ಅಲ್ಲೇ ಮಲಗಲಿ. ಮಾಳಿಗೆ ಮನೆಯಲ್ಲಿ ಇಲಿ ಕಾಟ, ಬೀಜದ ಶೇಂಗಾ ಚೀಲ ನಾಲ್ಕು ಮೇಲಿಡೋಣ. ಜಾತ್ರೆಗೆ ನೆಂಟರು ಬಂದರೆ ಗಂಡಸರಿಗೆಲ್ಲ ಮೇಲೆ ಹಾಸಿದರಾಯ್ತು. ಒಂದೊಂದೂ ನ್ಯಾಯವಾದ ಮಾತೇ. ನಾವು ಇಟ್ಟ ಹೆಸರು ನಮಗೇ ತಿರುಗಿಬಿತ್ತು. ಆಫೀಸ್ ಅಂದ ಮೇಲೆ ರಾತ್ರಿ ಬೇಡ ಅನ್ನೋಕೆ ಬಾಯಿ ಎಲ್ಲಿದೆ? ಇವರಂತೂ ಪ್ರತಿಯೊಂದಕ್ಕೂ ‘ಹ್ಞೂಂ, ಆಗ್ಲಿ’ ಅಂತ ತಲೆ ಆಡಿಸೋರು. ನಾನು ಮೀಟಿಂಗ್ ಮಧ್ಯೆ ಇನ್ನೊಂದು ಟ್ಯಾಬ್‌ನಲ್ಲಿ ನಾಗರಬಾವಿಯ ಬಾಡಿಗೆ ಮನೆಗಳನ್ನ ನೋಡೋಕೆ ಶುರುಮಾಡಿದೆ.

ಸಂಕ್ರಾಂತಿ ಆದ ಮೇಲೆ ಮೋಲ್ಡ್ ಹಾಕಿದರು. ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚೋವರೆಗೂ ಮಾಡೋಕೆ ಏನೂ ಇರಲ್ಲ, ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಕಾಯೋದು ಅಷ್ಟೇ. ಸ್ನೇಹಿತೆಯರೆಲ್ಲ ಗೋಕರ್ಣ, ಸಕಲೇಶಪುರ ಅಂತ ಇಬ್ಬರೇ ಹೋಗಿ ಬಂದ ಫೋಟೊ ಹಾಕ್ತಿದ್ದ ಕಾಲ. ನಮ್ಮ ಕೈಯಲ್ಲಿದ್ದದ್ದು ಒಂದು ಭಾನುವಾರ, ಒಂದು ಬೈಕು. ‘ಮೊಳಕಾಲ್ಮೂರಿಗೆ ಹೋಗಿ ಅಮ್ಮಂಗೊಂದು ಸೀರೆ ತರ್ತೀವಿ, ಕೋಣೆ ಪೂಜೆಗೆ’ ಅಂದರು ಇವರು. ಇದೂ ಒಂದು ನೆಪವೇ. ಮಗಳನ್ನ ಅತ್ತೆ ಮಡಿಲಿಗೆ ಹಾಕಿದೆ. ‘ಹೋಗ್ರಿ ಹೋಗ್ರಿ, ನೀರು ನಾನು ನೋಡ್ಕೋತೀನಿ’ ಅಂದರು ಮಾವ.

ಬಳ್ಳಾರಿ ಹೆದ್ದಾರಿಯಲ್ಲಿ ತಳಕು, ಬಿ.ಜಿ. ಕೆರೆ ದಾಟಿ, ಹಾನಗಲ್‌ನಲ್ಲಿ ಬಲಕ್ಕೆ ತಿರುಗಿದರೆ ಮೊಳಕಾಲ್ಮೂರು. ಎರಡೂ ಕಡೆ ಕುರುಚಲು, ಕುರಿಮಂದೆ, ಬಂಡೆ ಪೇರಿಸಿಟ್ಟಂಥ ಗುಡ್ಡಗಳು. ಹೆಲ್ಮೆಟ್ ಒಳಗಿಂದ ಮಾತಾಡೋಕಾಗಲ್ಲ, ಆದರೂ ಇಬ್ಬರೇ ಇದ್ದೀವಿ ಅನ್ನೋದೇ ಒಂಥರಾ ಸಂಕೋಚ ಹುಟ್ಟಿಸಿತ್ತು. ಮನೆಯಲ್ಲಿ ಎಲ್ಲರ ಮುಂದೆ ‘ರೀ’ ಅಂದು ಅಂದು, ಬೆಂಗಳೂರಿನಲ್ಲಿ ಅಂತಿದ್ದ ‘ಏಯ್’ ಬಾಯಿಗೆ ಬರೋಕೆ ತಳಕು ದಾಟಬೇಕಾಯ್ತು.

ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಇದೆ, ಹೆಸರೂ ಇದೆ. ಆದರೆ ಅಂಗಡಿ ಸಾಲಿನಲ್ಲಿ ನೋಡೋದಕ್ಕಿಂತ ನೇಯೋ ಮನೆಗೇ ಹೋಗಬೇಕು. ಇವರ ಮಿಲ್‌ನ ಒಬ್ಬರು ತಮ್ಮ ಸಂಬಂಧಿಕರ ಮನೆ ವಿಳಾಸ ಕೊಟ್ಟಿದ್ದರು. ಒಳಗೆ ಹೋದರೆ ಮನೆಯ ದೊಡ್ಡ ಕೋಣೆಯ ತುಂಬಾ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಗಂಡ ನೇಯುತ್ತಿದ್ದ, ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು ಆಗಬೇಕಾದರೆ ಮೂರು ಲಾಳಿ ಬೇಕು, ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಅದು ಒಬ್ಬರ ಕೈಗೆ ಸಾಗೋ ಕೆಲಸ ಅಲ್ಲ. ಗಂಡ ದಾರ ಎಳೆದರೆ ಹೆಂಡತಿ ಲಾಳಿ ಹಾಯಿಸೋಳು, ಮಾತೇ ಇಲ್ಲ. ನವಿಲಿನ ಸಾಲೊಂದು ಅಂಚಿನಲ್ಲಿ ಒಂದೊಂದೇ ಎಳೆ ಬೆಳೀತಿತ್ತು.

ನಾನು ಕೋಣೆಯ ಸುತ್ತ ಕಣ್ಣಾಡಿಸಿದ್ದನ್ನ ಆಕೆ ನೋಡಿದಳು. ‘ಏನಕ್ಕಾ, ಜಾಗ ನೋಡ್ತೀಯಾ? ಮಗ್ಗಕ್ಕೆ ಕೋಣೆ, ನಮಗೆ ಉಳಿದಿದ್ದು’ ಅಂತ ನಕ್ಕಳು. ಮಕ್ಕಳು, ಅತ್ತೆ, ಎಲ್ಲಾ ಸೇರಿ ಏಳು ಜನ ಅಂತೆ. ನನ್ನ ನಗು ಸ್ವಲ್ಪ ತಡವಾಗಿ ಬಂತು.

ಅತ್ತೆಗೆ ಅರಿಶಿನದ ಒಡಲು, ಕೆಂಪು ಅಂಚು ಆರಿಸಿದೆವು. ಎರಡು ಕಿಟಕಿಯ ದುಡ್ಡು ಅಂತ ಇವರು ಕಿವಿಯಲ್ಲಿ ಹೇಳಿದರು. ಇವತ್ತು ಸಿಮೆಂಟು, ಕಿಟಕಿ, ಟೈಲ್ಸ್ ಮಾತು ಬೇಡ ಅಂತ ಬೆಳಗ್ಗೆ ಕರಾರು ಮಾಡಿಕೊಂಡಿದ್ದೆವು. ಮೊದಲು ಮುರಿದಿದ್ದು ಅವರೇ.

ಅಲ್ಲಿಂದ ಬ್ರಹ್ಮಗಿರಿಗೆ ಹೋದೆವು. ಅಶೋಕ ಸಿದ್ದಾಪುರ ಅಂತ ಊರಿನ ಹೆಸರಲ್ಲೇ ಚಕ್ರವರ್ತಿ ಇದ್ದಾನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಹತ್ತಿರ ಹತ್ತಿರದ ಈ ಮೂರು ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಇವುಗಳನ್ನ ಬೆಳಕಿಗೆ ತಂದದ್ದು 1892ರಲ್ಲಿ. ಆಗ ಈ ಊರಿಗೆ ಇಸಿಲ ಅಂತ ಹೆಸರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ತಿಳಿಸ್ತಾನೆ. ಆಫೀಸ್ ಮೇಲ್‌ನಲ್ಲಿ ನಾವು ಮೊದಲ ಸಾಲು ಬರೆಯೋ ಥರಾನೇ. ಬರೆದ ಲಿಪಿಕಾರ ಚಪಡ ಬ್ರಾಹ್ಮಿಯಲ್ಲಿ ಇಡೀ ಶಾಸನ ಬರೆದು, ಕೊನೆಯಲ್ಲಿ ತಾನು ಲಿಪಿಕಾರ ಅನ್ನೋದನ್ನ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ವಾಯವ್ಯದ ಕಡೆ ನಡೀತಿದ್ದ ಆ ಲಿಪಿ ಕಲಿತ ಮನುಷ್ಯ ಎಷ್ಟು ದೂರ ಬಂದು ಕೆಲಸ ಮಾಡಿದ್ದ ನೋಡಿ. ಅವನದು ಯಾವ ಮನೆ, ಯಾರು ಜೊತೆಗಿದ್ದರು ಅನ್ನೋದು ಕಲ್ಲಲ್ಲಿಲ್ಲ.

ಶಾಸನ ಹೇಳೋದು ಏನು ಅಂತ ಫೋನಿನಲ್ಲಿ ಅನುವಾದ ತೆಗೆದು ಇವರು ಗಟ್ಟಿಯಾಗಿ ಓದಿದರು. ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ಹೇಳಬೇಕು, ನೆಂಟರಿಷ್ಟರ ಜೊತೆ ಸರಿಯಾಗಿ ನಡ್ಕೋಬೇಕು ಅನ್ನೋ ಅರ್ಥ.

‘ನೋಡು, ಅಶೋಕನೂ ಅಮ್ಮನ ಪಾರ್ಟಿ’ ಅಂದರು.

‘ಸತ್ಯ ಹೇಳ್ಬೇಕು ಅಂತಾನೂ ಇದೆ. ಅದನ್ನ ಯಾವಾಗ ಹೇಳ್ತೀಯಾ?’ ಅಂದೆ.

ಅದೇ ಶಾಸನದಲ್ಲಿ 256 ಅನ್ನೋ ಸಂಖ್ಯೆ ಇದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅಂತ ವಿದ್ವಾಂಸರು ಓದುತ್ತಾರೆ. ಇನ್ನೂರ ಐವತ್ತಾರು ರಾತ್ರಿ! ನಮಗೆ ಸಂಜೆ ಆರಕ್ಕೆ ಮಗಳು ಹಾಲು ಕೇಳ್ತಾಳೆ.

ಜಟಿಂಗ ರಾಮೇಶ್ವರದ ಮೆಟ್ಟಿಲು ಅರ್ಧ ಹತ್ತಿ ಒಂದು ಬಂಡೆ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅತ್ತೆ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಅಂತ ಇಲ್ಲಿಯವರ ನಂಬಿಕೆ. ಕೆಳಗೆ ಬಯಲು ದಿಗಂತದವರೆಗೂ ಹಾಸಿತ್ತು. ಅಲ್ಲಿ ನಾನು ಹೇಳಿದೆ, ಜಗಳ ಆಡೋ ದನಿಯಲ್ಲಿ ಅಲ್ಲ. ‘ಆ ಕೋಣೆ ಗೋಡೌನ್ ಆದ್ರೆ ನಾನು ಮಗಳನ್ನ ಕರ್ಕೊಂಡು ಬೆಂಗಳೂರಿಗೆ ಹೋಗ್ತೀನಿ. ಮನೆ ನೋಡಿಟ್ಟಿದ್ದೀನಿ. ಸಿಟ್ಟಿಗಲ್ಲ. ನಿನ್ ಜೊತೆ ಸಂಸಾರ ಮಾಡೋಕೆ ಬಂದಿದ್ದು ನಾನು, ನಿನ್ನ ಪಕ್ಕ ಪಿಸುಗುಟ್ಟೋಕಲ್ಲ.’

ಇವರು ಬಹಳ ಹೊತ್ತು ರೊಟ್ಟಿ ಮುರೀತಾ ಕೂತರು. ಮನೆ ನೋಡಿಟ್ಟಿದ್ದೀನಿ ಅನ್ನೋದು ಅವರಿಗೆ ಹೊಸದು. ಕೊನೆಗೆ ‘ಅಮ್ಮಂಗೆ ನಾನು ಹೇಳ್ತೀನಿ. ನೀನು ಹೇಳ್ಬೇಡ’ ಅಂದರು. ‘ಏನಂತ ಹೇಳ್ತೀಯಾ?’ ಅಂದರೆ, ‘ಗೊತ್ತಿಲ್ಲ. ಆದ್ರೆ ನಾನೇ ಹೇಳ್ತೀನಿ’ ಅಂದರು. ಉಳಿದ ಮೆಟ್ಟಿಲು ಹತ್ತಿ ರಾಮೇಶ್ವರನಿಗೆ ಕೈ ಮುಗಿದು ಇಳಿದೆವು.

ಹೇಳಿದ್ದು ಸೋಮವಾರ ರಾತ್ರಿ, ಅಡುಗೆಮನೆಯಲ್ಲಿ. ನಾನು ನಡುಮನೆಯಲ್ಲಿ ಮಗಳನ್ನ ತಟ್ಟುತ್ತಾ ಮಲಗಿದ್ದೆ. ಪರದೆಯ ಮನೆಯಲ್ಲಿ ಎಲ್ಲಾ ಕೇಳಿಸುತ್ತೆ ಅಂತೀವಿ, ಅವತ್ತು ಮಾತ್ರ ಪಾತ್ರೆ ತೊಳೆಯೋ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅತ್ತೆ ಬಂದು ಲೈಟ್ ಆರಿಸಿ ಮಲಗಿದರು. ಮಾರನೇ ದಿನ ಒಂದು ಮಾತಿಲ್ಲ. ಅದರ ಮಾರನೇ ದಿನವೂ ಇಲ್ಲ. ಸೀರೆ ಮಾತ್ರ ಎರಡು ಸಲ ಬಿಚ್ಚಿ ನೋಡಿ ಮಡಿಚಿಟ್ಟರು.

ಮೂರು ವಾರಕ್ಕೆ ಬಾಗಿಲು ಕೂಡಿಸೋಕೆ ಬಡಗಿ ಬಂದ. ನಾನು ಮೀಟಿಂಗ್‌ನಲ್ಲಿದ್ದೆ. ಅತ್ತೆ ಮೆಟ್ಟಿಲು ಹತ್ತಿ ಹೋದರು. ಮಂಡಿ ನೋವು ಅಂತ ತಿಂಗಳಿಂದ ಮೇಲೆ ಹೋಗಿರಲಿಲ್ಲ ಅವರು. ‘ಹೊರಗಡೆ ಬೀಗದ್ದು ಇರ್ಲಪ್ಪಾ, ಒಳಗಡೆಗೂ ಒಂದು ಗಟ್ಟಿ ಚಿಲಕ ಹಾಕು’ ಅನ್ನೋ ದನಿ ಕೆಳಗಿನವರೆಗೂ ಬಂತು. ಆಮೇಲೆ ಇಳಿದು ಬಂದು, ಬೀಜದ ಚೀಲ ಮೆಟ್ಟಿಲ ಕೆಳಗೆ ಇಡಿಸಿ ಅಂತ ಮಾವನಿಗೆ ಹೇಳಿದರು. ಮೈದುನನಿಗೆ ಹಾಲ್ ಸಾಕಂತೆ.

ಮಧ್ಯಾಹ್ನ ಇಬ್ಬರೇ ಶೇಂಗಾ ಸುಲಿಯುತ್ತಾ ಕೂತಿದ್ದಾಗ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡೋರ ಥರ ಅತ್ತೆ ಮಾತು ತೆಗೆದರು. ಅವರು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಹನ್ನೊಂದು ಜನ. ಎಲ್ಲಾ ಮಾಳಿಗೆ ಮನೆ, ಸಾಲಾಗಿ ಚಾಪೆ. ಶೇಂಗಾ ಬಲಿತಾಗ ಹಂದಿ ಬರ್ತಾವೆ ಅಂತ ರಾತ್ರಿ ಹೊಲ ಕಾಯೋಕೆ ಇವರಿಬ್ಬರನ್ನೇ ಕಳಿಸೋರಂತೆ.

‘ಬುಡ್ಡಿ ದೀಪ, ಕಂಬಳಿ. ಹಂದಿ ಒಂದ್ ದಿನಾನೂ ಬರ್ಲಿಲ್ಲ’ ಅಂದರು. ಕಾಳು ಬೇರೆ, ಸಿಪ್ಪೆ ಬೇರೆ ಮಾಡುತ್ತಾ ನನ್ನ ಮುಖ ನೋಡದೇನೇ ಹೇಳಿದರು. ‘ನಮಗೆ ಹೊಲ ಇತ್ತು ಕಣಮ್ಮ.’

ಫೆಬ್ರವರಿ ಕೊನೆಗೆ ಪೂಜೆ ಆಯ್ತು. ಅತ್ತೆ ಅರಿಶಿನ ಸೀರೆ ಉಟ್ಟು ಬಂದ ನೆಂಟರಿಗೆಲ್ಲ ‘ಸೊಸೆ ಆಫೀಸ್ ರೂಮ್’ ಅಂತಾನೇ ತೋರಿಸಿದರು. ಈಗಲೂ ಮನೆಯಲ್ಲಿ ಅದರ ಹೆಸರು ಅದೇ. ಮೊದಲ ರಾತ್ರಿ ಮಗಳು ಹಟ ಹಿಡಿದು ನಮ್ಮಿಬ್ಬರ ನಡುವೆ ಬಂದು ಮಲಗಿದಳು, ಅದು ಬೇರೆ ಮಾತು. ಎರಡನೇ ವಾರಕ್ಕೆ ಅಜ್ಜಿಯ ಕಥೆಯೇ ಚೆಂದ ಅಂತ ಕೆಳಗೆ ಹೋದಳು.

ಏಪ್ರಿಲ್ ಬರೋದ್ರೊಳಗೆ ತಾರಸಿಗೆ ಎರಡು ಕೋಟ್ ಸುಣ್ಣ ಬಳಿಸಬೇಕು, ಇಲ್ಲದಿದ್ದರೆ ಮೇಲಿನ ಕೋಣೆಯಲ್ಲಿ ರೊಟ್ಟಿ ಬೇಯಿಸಬಹುದು. ಆ ಕೆಲಸ ಇನ್ನೂ ಬಾಕಿ ಇದೆ. ಅಷ್ಟರಲ್ಲಿ ಉಳಿದಿರೋ ತಾರಸಿಯಲ್ಲಿ ಅತ್ತೆ ಸಂಡಿಗೆ ಹಾಕೋಕೆ ಶುರುಮಾಡಿದ್ದಾರೆ. ಬೆಳಗ್ಗೆ ಆರಕ್ಕೆ ನಮ್ಮ ಕಿಟಕಿ ಪಕ್ಕದಲ್ಲೇ ಹಾದು ಹೋಗಬೇಕು. ಮೆಟ್ಟಿಲು ಹತ್ತುವಾಗಲೇ ಜೋರಾಗಿ ಕೆಮ್ಮಿಕೊಂಡು ಬರ್ತಾರೆ.