ಹಳೆ ಸಾಕೆಟ್ಟಿಗೆ ಹೊಸ ಚಿಪ್

ಈಗಷ್ಟೇ ವಿಶಾಖಪಟ್ಟಣದ ದುವ್ವಾಡದಲ್ಲಿ ಗೆಳೆಯನ ರಿಪೇರಿ ಮೇಜಿನ ಮುಂದೆ ಕೂತಿದ್ದೆ. ಹಳೇ ಕಂಟ್ರೋಲ್ ಬೋರ್ಡು, ಎಂಟು ಕಾಲಿನ ಒಂದು ಆಪ್-ಆ್ಯಂಪ್ ಸತ್ತಿದೆ. ಬದಲಿಗೆ ಸಿಕ್ಕಿದ್ದು ಬೋರ್ಡಿನ ಮೇಲ್ಮೈಗೇ ಬೆಸುಗೆ ಹಾಕೋ ಎಸ್‌ಎಂಡಿ ಮಾತ್ರ. ಅಷ್ಟಕ್ಕೇ ಇಡೀ ಬೋರ್ಡನ್ನು ಗುಜರಿಗೆ ಹಾಕೋದಾ? ಖಂಡಿತ ಬೇಡ.

ಸಾಕೆಟ್ಟಿಗೆ ಕೂರೋ ಹಳೇ ಡಿಪ್ ಚಿಪ್ಪಿನ ಕಾಲುಗಳ ನಡುವೆ 2.54 ಮಿ.ಮೀ. ಅಂತರ. ಎಸ್‌ಓಐಸಿ ನಮೂನೆಯ ಎಸ್‌ಎಂಡಿ ಚಿಪ್ಪಿನಲ್ಲಿ ಅದರರ್ಧ, 1.27. ಈ ಎರಡನ್ನೂ ಜೋಡಿಸೋಕೆ ಬೆರಳುಗುರಿನಷ್ಟು ಅಡಾಪ್ಟರ್ ಬೋರ್ಡ್ ಸಾಕು. ಮೇಲೆ ಚಿಪ್, ಕೆಳಗೆ ಪಿನ್ನು.

ಆದರೆ ಪಿನ್ನಿನ ವಿಷಯದಲ್ಲೇ ಬಹಳ ಜನ ಎಡವೋದು. ಮಾಮೂಲಿ ಚೌಕ ಹೆಡರ್ ಪಿನ್ 0.64 ಮಿ.ಮೀ. ದಪ್ಪ. ಐಸಿ ಸಾಕೆಟ್ಟಿಗೆ ಬಲವಂತವಾಗಿ ತುರುಕಿದರೆ ಒಳಗಿನ ಕ್ಲಿಪ್ ಹಿಗ್ಗಿಬಿಡುತ್ತೆ, ಆಮೇಲೆ ಮಾಮೂಲಿ ಚಿಪ್ ಹಾಕಿದರೂ ಸಡಿಲ. ತೆಳುವಾದ ದುಂಡು ಪಿನ್ನೇ ಬೇಕು. ಆಮೇಲೆ ಡೇಟಾಶೀಟ್ ತೆಗೆದು ಕಾಲುಗಳ ಕ್ರಮ, ವೋಲ್ಟೇಜು ಎರಡನ್ನೂ ತಾಳೆ ನೋಡಿ. 5 ವೋಲ್ಟಿನ ಜಾಗಕ್ಕೆ 3.3 ವೋಲ್ಟಿನ ಚಿಪ್ ಕೂರಿಸಿದರೆ ಅದು ಸುಟ್ಟೇ ಹೋಗಬಹುದು. ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕೋಕೆ ಜಾಗ ಇರೋ ಅಡಾಪ್ಟರ್ ಸಿಕ್ಕರೆ ಅದನ್ನೇ ತಗೊಳ್ಳಿ.

ಬೆಂಗಳೂರಾಗಿದ್ದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಓಡ್ತಿದ್ದೆ. ವಿಶಾಖಪಟ್ಟಣದ ಕಡೆ ಇರೋ ಕನ್ನಡದ ಗೆಳೆಯರೇ, ದುಂಡು ಪಿನ್ನಿನ ಅಡಾಪ್ಟರ್ ಇಲ್ಲಿ ಯಾವ ಅಂಗಡೀಲಿ ಸಿಗುತ್ತೆ? ಗೊತ್ತಿದ್ದರೆ ದಯವಿಟ್ಟು ಕೆಳಗೆ ಬರೀರಿ.