ಕೈಪಿಡಿ ಎಲ್ಲೈತಿ?

ಚೊಳಚಗುಡ್ಡದಲ್ಲಿರೋ ನಮ್ಮ ಕಾಕಾನ ಮಗ ಬಿಸಿಎ ಓದ್ತಿದ್ದಾನೆ. ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕ್ಕೊಂಡಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣಾ, ಪಿಪ್‌ನಿಂದ ಪೈಥಾನ್ ಲೈಬ್ರರಿ ಹಾಕೀನಿ, ನಡ್ಯಾಕತ್ತೈತಿ. ಆದ್ರ ಅದರ ಕೈಪಿಡಿ ಎಲ್ಲೈತಿ? ಇಲ್ಲಿ ನೆಟ್ ಹೋಗೇತಿ" ಅಂದ.

ಕೈಪಿಡಿ ಬಂದೇ ಇಲ್ಲಪ್ಪಾ, ಅದು ಇರೋದು ವೆಬ್‌ಸೈಟಿನಲ್ಲಿ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ.

ನಂಬದೇ ಇದ್ದದ್ದು ಸರೀನೇ. ಲಿನಕ್ಸಿನ ಮೊದಲ ದಿನಗಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಫೈಲು ಇಡ್ತಿದ್ರು. 1994ರ ಫೆಬ್ರವರಿಯಲ್ಲಿ ಅದಕ್ಕೊಂದು ಶಿಷ್ಟತೆ ಬಂತು, ಮುಂದೆ ಅದೇ ಎಫ್‌ಎಚ್‌ಎಸ್ ಆಯ್ತು. ಲೈಬ್ರರಿ 'ಲಿಬ್'ನಲ್ಲಿ, ಮ್ಯಾನ್ ಪುಟಗಳು 'ಶೇರ್/ಮ್ಯಾನ್'ನಲ್ಲಿ, ಉಳಿದ ದಾಖಲೆ 'ಶೇರ್/ಡಾಕ್'ನಲ್ಲಿ. ಬನಶಂಕರಿಗೆ ಹೋದವರಿಗೆ ರೊಟ್ಟಿ, ಪುಂಡಿಪಲ್ಯದ ಬುಟ್ಟಿ ಇಟ್ಕೊಂಡು ಕೂತ ಅವ್ವಂದಿರು ಎಲ್ಲಿರ್ತಾರೆ ಅಂತ ಬೋರ್ಡು ಬೇಕಿಲ್ಲ. ಆದ್ರೆ ಮೊದಲ ಸಲ ಬಂದವನು ಯಾರನ್ನಾದ್ರೂ ಕೇಳಲೇಬೇಕು. ಶಿಷ್ಟತೆ ಅನ್ನೋದು ಕೇಳೋಕೆ ಯಾರೂ ಇಲ್ಲದವನಿಗಾಗಿ ಇರೋದು. ಆಫೀಸಲ್ಲಿ ನನಗೆ ಪಕ್ಕದ ಸೀಟಿನವರಿದ್ದಾರೆ, ಅವನಿಗೆ ನಾನೊಬ್ಬನೇ!

ಪರ್ಲ್‌ನವರು ಇದನ್ನ ಚೆನ್ನಾಗಿ ಮಾಡಿದ್ದರು. 1995ರಲ್ಲಿ ಶುರುವಾದ ಸಿಪ್ಯಾನ್‌ನಿಂದ ಮಾಡ್ಯೂಲ್ ಹಾಕಿದರೆ ಸಾಮಾನ್ಯವಾಗಿ ಕೈಪಿಡಿಯೂ ಜೊತೆಗೇ ಬರುತ್ತೆ, ಯಾಕಂದ್ರೆ ಅದನ್ನ ಕೋಡಿನೊಳಗೇ ಬರೆಯೋ ರೂಢಿ. 'ಪರ್ಲ್‌ಡಾಕ್' ಅಂದ್ರೆ ಸಾಕು, ನೆಟ್ ಬೇಡ. ಪೈಥಾನಿನ 'ವೀಲ್' ಕಟ್ಟಿಗೆ ಕೋಡು ಎಲ್ಲಿ ಹೋಗಬೇಕು ಅಂತ ಖಚಿತ ನಿಯಮ ಇದೆ, ಕೈಪಿಡಿಗೆ ಅಂಥ ಜಾಗವೇ ಇಲ್ಲ. ವೆಬ್‌ಸೈಟಿನಲ್ಲಾದ್ರೆ ತಪ್ಪು ತಿದ್ದೋದು ಸುಲಭ ಅನ್ನೋದು ನಿಜ. ಆದರೆ ಹಾಕಿಕೊಂಡಿರೋದು ಹಳೇ ಆವೃತ್ತಿ, ಓದೋದು ಹೊಸದರ ಕೈಪಿಡಿ... ಈ ಪೇಚಾಟ ನಿಮಗೂ ಆಗಿರುತ್ತೆ. ಅವನಿಗೆ ಸದ್ಯಕ್ಕೆ 'ಹೆಲ್ಪ್' ಆದೇಶ ತೋರಿಸಿದ್ದೀನಿ. ಬರೆದವರು ಕೋಡಿನಲ್ಲೇ ಟಿಪ್ಪಣಿ ಹಾಕಿದ್ರೆ ಮಾತ್ರ ಅದರಿಂದ ಉಪಯೋಗ.

ಇನ್ನೊಂದು ವಿಷಯ. ಅದೇ ಎಫ್‌ಎಚ್‌ಎಸ್‌ನಲ್ಲಿ ಮ್ಯಾನ್ ಪುಟಗಳಿಗೆ ಭಾಷೆಗೊಂದು ಫೋಲ್ಡರು ಅಂತಿದೆ. ನನ್ನ ಗಣಕದಲ್ಲಿ ಜರ್ಮನ್, ಫ್ರೆಂಚ್, ಜಪಾನಿ ಎಲ್ಲಾ ಕೂತಿವೆ. ಕನ್ನಡದ 'ಕೆಎನ್' ಇಲ್ಲ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲಿ ಒಂದೇ ಆದೇಶಕ್ಕೆ ಬರ್ತವೆ, ಅಕ್ಷರ ಮೂಡುತ್ತೆ. ಓದೋಕೆ ಪುಟ ಬೇಕಲ್ಲ?

'ಎಲ್‌ಎಸ್', 'ಸಿಪಿ', 'ಗ್ರೆಪ್' ಮೂರನ್ನ ಅನುವಾದ ಮಾಡೋಕೆ ಕೂತಿದ್ದೀನಿ. 'ಆಪ್ಷನ್'ಗೆ ಆಯ್ಕೆ ಅನ್ನಲಾ, ಆಪ್ಷನ್ ಅಂತಲೇ ಬಿಡಲಾ? ಹೇಳಿ.